ಕ್ಲೀನಿಂಗ್ ಮಷೀನ್ ಬಾಡಿಗೆಗೆ ತರೋದಾದ್ರೆ: ಬಳ್ಳಾರಿ ಮನೆಗಳಿಗೆ ಯಾವುದು ಸರಿ, ಯಾವುದು ದಂಡ

"ಇಲ್ಲಿ ಕ್ಲೀನಿಂಗ್ ಮಷೀನ್ ಬಾಡಿಗೆಗೆ ಸಿಗುತ್ತದೆ" ಎನ್ನುವ ಬೋರ್ಡ್ ಹುಡುಕುತ್ತಾ ಬಳ್ಳಾರಿಯ ರಾಯಲ್ ಸರ್ಕಲ್‌ನಿಂದ ಹೊರಟರೆ ಕೌಲ್ ಬಜಾರ್ ಮುಟ್ಟಿದರೂ ಕಣ್ಣಿಗೆ ಬೀಳಲಿಕ್ಕಿಲ್ಲ. ಮಷೀನು ಇರುವುದು ಬೇರೆ ಬೋರ್ಡುಗಳ ಹಿಂದೆ. ಕಟ್ಟಡದ ಕೆಲಸಕ್ಕೆ ವೈಬ್ರೇಟರ್, ಬ್ರೇಕರ್, ಟೈಲ್ಸ್ ಕಟರ್ ಬಾಡಿಗೆಗೆ ಕೊಡುವವರ ಹತ್ತಿರ, ಒತ್ತಡದಲ್ಲಿ ನೀರು ಹೊಡೆಯುವ ಪ್ರೆಶರ್ ವಾಷರ್ ಕೇಳಿ. ಕಲ್ಲು, ಮಾರ್ಬಲ್ ಪಾಲಿಶ್ ಮಾಡುವ ಮೇಸ್ತ್ರಿಗಳ ಹತ್ತಿರ ನೆಲ ಉಜ್ಜುವ ಮಷೀನು ಇರುತ್ತದೆ. ಆಸ್ಪತ್ರೆ, ಬ್ಯಾಂಕು, ಕಲ್ಯಾಣ ಮಂಟಪಗಳ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ಹಿಡಿದವರ ಹತ್ತಿರ ನೀರನ್ನೂ ಎಳೆಯುವ ವೆಟ್ ವ್ಯಾಕ್ಯೂಮ್, ಸೋಫಾ ತೊಳೆಯುವ ಮಷೀನು ಸಿಗುತ್ತವೆ. ರಾಯಚೂರು, ಕೊಪ್ಪಳದಲ್ಲೂ ಹುಡುಕಬೇಕಾದದ್ದು ಇದೇ ಮೂರು ಕಡೆ.

ಮೂವರ ಮಷೀನೂ ಒಂದೇ ಥರ ಇರುವುದಿಲ್ಲ. ಕಟ್ಟಡದ ಸಾಮಾನಿನ ಅಂಗಡಿಯ ಮಷೀನು ಗಟ್ಟಿ, ಆದರೆ ಸಿಮೆಂಟು ಮೆತ್ತಿದ ಕೈಗಳಲ್ಲಿ ಸವೆದಿರುತ್ತದೆ. ಪಾಲಿಶ್ ಮೇಸ್ತ್ರಿ ಮಷೀನಿನ ಜೊತೆ ತಾನೂ ಬರುತ್ತೇನೆ ಅನ್ನುತ್ತಾನೆ, ಬರೀ ಮಷೀನು ಕೊಡಲು ಮನಸ್ಸಿರುವುದಿಲ್ಲ. ಅದು ತಪ್ಪಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹೌಸ್‌ಕೀಪಿಂಗ್‌ನವರ ಮಷೀನು ಮೂರರಲ್ಲಿ ಅಚ್ಚುಕಟ್ಟು, ಆದರೆ ಅದು ಅವರ ಕೆಲಸಕ್ಕೆ ಬೇಡದ ದಿನ ಮಾತ್ರ ನಮ್ಮ ಕೈಗೆ ಬರುತ್ತದೆ.

ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎನ್ನುವುದಕ್ಕೆ ಒಂದು ಒರಟು ಲೆಕ್ಕ ಇದೆ. ಒಂದು ದಿನದ ಬಾಡಿಗೆ ಹೊಸ ಮಷೀನಿನ ಬೆಲೆಯ ಇಪ್ಪತ್ತರಲ್ಲಿ ಒಂದು ಭಾಗದ ಆಸುಪಾಸು ಇದ್ದರೆ ನ್ಯಾಯ. ಎಂಟು ಸಾವಿರದ ಮಷೀನಿಗೆ ದಿನಕ್ಕೆ ನಾನೂರು ಕೇಳಿದರು ಅಂದುಕೊಳ್ಳಿ. ಯುಗಾದಿ, ದಸರಾ, ದೀಪಾವಳಿ ಸೇರಿ ವರ್ಷಕ್ಕೆ ನಾಲ್ಕು ಸಲ ತಂದರೆ ಹೊಸದರ ಬೆಲೆ ಮುಟ್ಟಲು ಐದು ವರ್ಷ ಬೇಕು. ಆ ಐದು ವರ್ಷ ಮಷೀನು ಮನೆಯಲ್ಲೇ ಕೂತಿದ್ದರೆ ಗಡಸು ನೀರಿನ ಸುಣ್ಣ ಪಂಪಿನೊಳಗೆ ಕಟ್ಟಿಕೊಂಡು, ರಬ್ಬರ್ ಸೀಲು ಒಣಗಿ ಸೀಳಿರುತ್ತವೆ. ಅದೇ ವಾರಕ್ಕೆರಡು ಸಲ ಬೇಕಾಗುವ ವ್ಯಾಕ್ಯೂಮ್ ಕ್ಲೀನರ್‌ಗೆ ಈ ಲೆಕ್ಕ ಹಾಕಿದರೆ ಮೂರು ತಿಂಗಳೊಳಗೆ ಬಾಡಿಗೆ ದುಡ್ಡಲ್ಲೇ ಹೊಸದು ಬರುತ್ತದೆ. ಅದನ್ನು ಕೊಂಡುಬಿಡಿ.

ಆದರೆ ಈ ಸೀಮೆಯಲ್ಲಿ ದುಡ್ಡಿನ ಲೆಕ್ಕಕ್ಕಿಂತ ಮೊದಲು ಧೂಳಿನ ಲೆಕ್ಕ ಹಾಕಬೇಕು. ಸಂಡೂರು ಕಡೆಯಿಂದ ಅದಿರಿನ ಲಾರಿ ಓಡುವ ರಸ್ತೆಗಳ ಅಕ್ಕಪಕ್ಕ ಕೂರುವುದು ಕೆಂಧೂಳು. ಕುಡತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳ ಸುತ್ತ ಹಾರುವುದು ಬೂದಿ. ಕೊಪ್ಪಳದ ಗಿಣಿಗೇರಿ, ಹಿರೇಬಗನಾಳದ ಕಡೆ ಮಾಳಿಗೆಯ ಮೇಲೆ ಸ್ಪಾಂಜ್ ಕಬ್ಬಿಣದ (ಅದಿರನ್ನು ಕರಗಿಸದೆ ಅದರ ಆಮ್ಲಜನಕ ತೆಗೆದು ಮಾಡುವ ಕಬ್ಬಿಣ) ಕಾರ್ಖಾನೆಗಳ ಕರಿಧೂಳು. ಜೀನ್ಸ್ ಹೊಲಿಗೆ ನಡೆಯುವ ಮನೆಗಳಲ್ಲಿ ನೀಲಿ ಹತ್ತಿಯ ಜೂಲು ಬೇರೆ. ಮೊದಲ ಮೂರೂ ಧೂಳಿನ ಸ್ವಭಾವ ಬೇರೆ ಬೇರೆ. ಕೆಂಪು ಅದಿರು ಆಗಲೇ ತುಕ್ಕಿನ ರೂಪದಲ್ಲಿರುವ ಕಬ್ಬಿಣ. ಅದು ನೀರಲ್ಲಿ ಕರಗುವುದಿಲ್ಲ, ಟೈಲ್ಸ್ ಸಂದಿಗೂ ಕಲ್ಲಿನ ರಂಧ್ರಕ್ಕೂ ಇಳಿದು ಕೂರುತ್ತದೆ. ಬೂದಿ ಹಗುರ, ಫಿಲ್ಟರಿನ ಸಣ್ಣ ತೂತನ್ನೂ ದಾಟುತ್ತದೆ. ಸ್ಪಾಂಜ್ ಕಬ್ಬಿಣದ ಕರಿಧೂಳು ಇದೆಯಲ್ಲ, ಅದು ಮೂರರಲ್ಲಿ ಕೆಟ್ಟದ್ದು. ನೀರು ಬಿದ್ದ ಮೇಲೆ ಅದು ತುಕ್ಕು ಹಿಡಿಯುತ್ತದೆ. ಬಿಳಿ ಟೈಲ್ಸ್ ಮಾಳಿಗೆಯನ್ನು ಸಂಜೆ ತೊಳೆದು, ಮಾರನೇ ದಿನ ನೋಡಿದರೆ ಅಲ್ಲಲ್ಲಿ ಕಂದು ಚುಕ್ಕೆ. ಮನೆಯಲ್ಲಿ ಯಾವ ಧೂಳು ಎಂದು ನೋಡಲು ಆಯಸ್ಕಾಂತವನ್ನು ಪಾಲಿಥಿನ್ ಚೀಲದಲ್ಲಿ ಸುತ್ತಿ ನೆಲದ ಮೇಲೆ ಆಡಿಸಿ. ಕರಿಪುಡಿ ದಂಡಿಯಾಗಿ ಹತ್ತಿದರೆ ಅಂಥ ನೆಲಕ್ಕೆ ಮೊದಲು ವ್ಯಾಕ್ಯೂಮ್, ಆಮೇಲೆ ನೀರು. ಕಸಬರಿಗೆ ಹಿಡಿದರೂ ಆಗುತ್ತದೆ, ಆದರೆ ಅದು ಧೂಳನ್ನು ಎಬ್ಬಿಸಿ ಕರ್ಟನ್ ಮೇಲೆ ಕೂರಿಸುತ್ತದೆ. ಪ್ರೆಶರ್ ವಾಷರ್ ಒಂದನ್ನೇ ಬಾಡಿಗೆಗೆ ತಂದು ಮಾಳಿಗೆಗೆ ನೀರು ಹೊಡೆದವರು ಧೂಳನ್ನು ಕೆಸರು ಮಾಡಿ ಮಳೆನೀರಿನ ಪೈಪಿಗೆ ತುಂಬಿದರು, ಅಷ್ಟೇ.

ಹಾಗಾಗಿ ಬಾಡಿಗೆಗೆ ಬೇಕಾದ ಜೋಡಿ ಎಂದರೆ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ಮತ್ತು ಅದರ ಜೊತೆ ಇನ್ನೊಂದು ಮಷೀನು. ವ್ಯಾಕ್ಯೂಮ್ ಮನೆಯಲ್ಲೇ ಇದ್ದರೆ ಅರ್ಧ ಖರ್ಚು ಉಳಿಯಿತು.

ವ್ಯಾಕ್ಯೂಮ್ ಬಾಡಿಗೆಗೆ ತರುವವರು ಅಂಗಡಿಯಲ್ಲೇ ಮುಚ್ಚಳ ತೆಗೆಸಬೇಕು. ಅಂಗಡಿಯವರು "ಏನಾಗಂಗಿಲ್ರಿ, ನಿನ್ನೇನೇ ಓಡಿಸೀವಿ, ತಗೊಂಡು ಹೋಗ್ರಿ" ಎನ್ನುತ್ತಾರೆ. ಎನ್ನಲಿ, ಕ್ಲಿಪ್ಪು ಬಿಚ್ಚಿಸಿ. ಒಳಗೆ ಮೂರು ಸಾಮಾನು ನೋಡಬೇಕು: ಒಣ ಧೂಳಿಗೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್, ನೀರಿಗೆ ಸ್ಪಾಂಜಿನ ತೋಳು, ಧೂಳು ತುಂಬಿಕೊಳ್ಳುವ ಚೀಲ. ಚೀಲ ಇಲ್ಲದೆ ಬರೀ ಫಿಲ್ಟರ್ ಹಾಕಿ ಕೊಡುವುದೇ ಹೆಚ್ಚು. ನಮ್ಮ ಧೂಳಿಗೆ ಆ ಫಿಲ್ಟರ್ ಒಂದು ಕೋಣೆ ಮುಗಿಯುವುದರೊಳಗೆ ಕಟ್ಟಿಕೊಳ್ಳುತ್ತದೆ. ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದರೆ ಸೀಳು ಕಾಣುತ್ತದೆ. ಸೀಳಿದ್ದರೆ ಧೂಳು ಮೋಟರಿನೊಳಗೆ ಹೋಗಿ ಬರುತ್ತದೆ. ಗಾಳಿ ಹೊರಬೀಳುವ ಕಿಂಡಿಗೆ ಬಿಳಿ ಕರವಸ್ತ್ರ ಹಿಡಿದು ಅರ್ಧ ನಿಮಿಷ ಓಡಿಸಿ. ಬಟ್ಟೆ ಕೆಂಪಾದರೆ ಆ ಮಷೀನು ನೆಲದ ಧೂಳನ್ನು ಗಾಳಿಗೆ ಹಂಚುತ್ತದೆ, ಬೇಡ.

ಪೈಪಿನ ಬಾಯಿಗೆ ಅಂಗೈ ಹಿಡಿದಾಗ ಕೈಯನ್ನು ಗಟ್ಟಿಯಾಗಿ ಹಿಡಿದೆಳೆಯಬೇಕು, ಮೋಟರ್ ಸದ್ದು ಏರಬೇಕು. ಎಳೆತ ಕಡಿಮೆ ಇದ್ದರೆ ಪೈಪು ಸೀಳಿದೆ ಅಥವಾ ಮುಚ್ಚಳದ ರಬ್ಬರ್ ಬಳೆ ಕೂತಿಲ್ಲ. ಒಳಗಡೆ ಒಂದು ತೇಲುಚೆಂಡು ಇರುತ್ತದೆ, ಡಬ್ಬ ತುಂಬಿದಾಗ ಅದು ಮೇಲೆದ್ದು ಎಳೆತ ನಿಲ್ಲಿಸುತ್ತದೆ. ಆಗ ಸದ್ದು ಒಮ್ಮೆಲೇ ಕೀರಲಾಗುತ್ತದೆ. ಅದನ್ನು ಕೇಳಿಸಿಕೊಂಡು ಸ್ವಿಚ್ ಆಫ್ ಮಾಡದವರ ಕೈಯಲ್ಲಿ ಮೋಟರ್ ಬಿಸಿಯಾಗಿ ಸುಡುತ್ತದೆ. ಬಟ್ಟೆ ಸೋಪಿನ ಪುಡಿ ಹಾಕಿದ ನೀರನ್ನು ಎಳೆದರೂ ಇದೇ ಕಥೆ: ಚೆಂಡು ನೀರಿಗೆ ಏಳುತ್ತದೆ, ನೊರೆಗೆ ಏಳುವುದಿಲ್ಲ, ನೊರೆ ಸೀದಾ ಮೋಟರಿಗೆ ಏರುತ್ತದೆ. ನೀರು ಎಳೆಯುವ ಮುನ್ನ ಕಾಗದದ ಫಿಲ್ಟರ್ ತೆಗೆದು ಸ್ಪಾಂಜ್ ಹಾಕಿ. ಒದ್ದೆಯಾದ ಕಾಗದ ಆಮೇಲೆ ಒಣಗಿದರೂ ಕೆಲಸಕ್ಕೆ ಬಾರದು, ಅದರ ದುಡ್ಡು ಡಿಪಾಸಿಟ್‌ನಲ್ಲಿ ಹಿಡಿಯುತ್ತಾರೆ. ಪೇಂಟ್ ಥಿನ್ನರ್, ಟರ್ಪಂಟೈನ್, ಸೀಮೆಎಣ್ಣೆ ಚೆಲ್ಲಿದ್ದನ್ನು ಇದರಲ್ಲಿ ಎಂದೂ ಎಳೆಯಬಾರದು. ಮೋಟರಿನ ಕಿಡಿ ಆವಿಗೆ ತಗುಲಿದರೆ ಬೆಂಕಿ. ದೀಪಾವಳಿ ಹೊತ್ತಿಗೆ ಕೆಂಡ ಆರದ ಬೂದಿಯನ್ನು ಎಳೆಯುವುದೂ ಅಷ್ಟೇ ಅಪಾಯ. ಗೋಡೆಗೆ ಪುಟ್ಟಿ ಉಜ್ಜಿದ ಪುಡಿಗೆ ಚೀಲ ಇರಲೇಬೇಕು.

ಇನ್ನು ಪ್ರೆಶರ್ ವಾಷರ್. ಬಾಡಿಗೆಗೆ ಎಲ್ಲರೂ ಕೇಳುವುದು ಇದನ್ನೇ, ಕೆಡುವುದೂ ಇದೇ. ಕಾರ್ಚರ್ ಕೆ2 ಥರದ ಮನೆಬಳಕೆಯದು 1,400 ವ್ಯಾಟ್, 110 ಬಾರ್ ಒತ್ತಡದವರೆಗೆ, ಗಂಟೆಗೆ 360 ಲೀಟರ್ ನೀರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರುತ್ತದೆ. ಇದಕ್ಕಿಂತ ದೊಡ್ಡ, ಇಂಡಕ್ಷನ್ ಮೋಟರಿನ ಮಷೀನು ಇಪ್ಪತ್ತು ಕೆಜಿ ದಾಟುತ್ತದೆ, ಸದ್ದು ಕಡಿಮೆ, ಗಂಟೆಗಟ್ಟಲೆ ಓಡಿದರೂ ಅಷ್ಟಾಗಿ ಬಿಸಿಯಾಗದು. ಬಾಡಿಗೆಗಾದರೆ ಎರಡನೆಯದೇ ವಾಸಿ. ಚಿಕ್ಕದರಲ್ಲಿ ಮೋಟರಿಗೆ ಕರೆಂಟ್ ಮುಟ್ಟಿಸುವ, ಓಡಿದಂತೆ ಸವೆಯುವ ಕಾರ್ಬನ್ ಬ್ರಷ್ ಇರುತ್ತದೆ, ಹತ್ತು ಕೈ ದಾಟಿದ ಮಷೀನಿನಲ್ಲಿ ಅದು ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಿಳಿಯದು. ಆದರೆ ಇಂಡಕ್ಷನ್ ಮೋಟರಿಗೆ ವೋಲ್ಟೇಜ್ ಬೇಕು. ಬೇಸಿಗೆ ಸಂಜೆ ಎಲ್ಲ ಮನೆಯ ಎಸಿ, ಕೂಲರ್ ಓಡುವಾಗ ಜೆಸ್ಕಾಂ ಲೈನಿನಲ್ಲಿ ವೋಲ್ಟೇಜ್ ಬಿದ್ದರೆ ಅದು ಗೊಂಯ್ ಅನ್ನುತ್ತಾ ನಿಂತುಬಿಡುತ್ತದೆ. ಬೆಳಗ್ಗೆ ಆರಕ್ಕೆ ಶುರು ಮಾಡಿ, ಹತ್ತಕ್ಕೆ ಮುಗಿಸಿ. ಬಿಸಿಲಿಗೂ ಅದೇ ಸರಿ.

ಪ್ಲಗ್ಗಿನ ವಿಷಯದಲ್ಲಿ ಚೌಕಾಸಿ ಬೇಡ. 1,800 ವ್ಯಾಟ್ ಮಷೀನು 230 ವೋಲ್ಟಿನಲ್ಲಿ ಸುಮಾರು ಎಂಟು ಆಂಪಿಯರ್ ಎಳೆಯುತ್ತದೆ. ಫೋನ್ ಚಾರ್ಜರ್ ಹಾಕುವ ಆರು ಆಂಪಿಯರ್ ಸಾಕೆಟ್ಟಿಗೆ ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಓಡಿಸಿದರೆ ಕಾಲು ಗಂಟೆಯೊಳಗೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಗೀಸರ್ ಅಥವಾ ಎಸಿಯ 16 ಆಂಪಿಯರ್ ಪಾಯಿಂಟ್ ಬೇಕು. ಮಾಳಿಗೆಗೆ ವೈರ್ ಎಳೆಯುವುದಾದರೆ 2.5 ಚದರ ಮಿ.ಮೀ. ತಾಮ್ರದ, ಮೂರು ಎಳೆಯ ವೈರ್, ಸುರುಳಿ ಪೂರ್ತಿ ಬಿಚ್ಚಿರಬೇಕು. ಸುರುಳಿಯಲ್ಲೇ ಬಿಟ್ಟರೆ ಬಿಸಿ ಹೊರಹೋಗಲು ದಾರಿ ಇಲ್ಲ. ಶಾಮಿಯಾನಾದವರ ಎರಡೆಳೆಯ ವೈರಿನಲ್ಲಿ ಅರ್ಥಿಂಗ್ ಇರುವುದಿಲ್ಲ, ನೀರಲ್ಲಿ ನಿಂತು ಓಡಿಸುವ ಮಷೀನಿಗೆ ಅದನ್ನು ಕಟ್ಟಲೇಬೇಡಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಹಾಕಿಸಿ, ಮಷೀನ್ ಆಮೇಲೆ ತನ್ನಿ.

ನೀರಿನ ಹರಿವು ಸಾಲದೇ ಹಾಳಾಗುವ ಪಂಪುಗಳೇ ಜಾಸ್ತಿ. ಒಂದು ಮಹಡಿ ಮೇಲಿರುವ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ಒತ್ತಡ ಅಷ್ಟಕ್ಕಷ್ಟೇ, ಮಾಳಿಗೆಯ ಮೇಲೆ ಟ್ಯಾಂಕಿನ ಪಕ್ಕದ ನಲ್ಲಿಯಲ್ಲಂತೂ ಏನೂ ಇಲ್ಲ. ಪೈಪ್ ಸಿಕ್ಕಿಸುವ ಮುನ್ನ ಹತ್ತು ಲೀಟರ್ ಬಕೆಟ್ ಇಟ್ಟು ನೋಡಿ. ಒಂದು ನಿಮಿಷದ ಆಚೀಚೆ ತುಂಬಿದರೆ ನಿಶ್ಚಿಂತೆ. ಎರಡು ನಿಮಿಷ ಹಿಡಿದರೆ ನೀರು ಸಾಲದೆ ಪಂಪು ಗಾಳಿ ನುಂಗುತ್ತದೆ, ಗನ್ನಿನಲ್ಲಿ ನೀರು ತುಂಡು ತುಂಡಾಗಿ ಬರುತ್ತದೆ, ಸೀಲು ಸವೆಯುತ್ತವೆ. ಅಂಥ ಮನೆಗೆ ಡ್ರಮ್ಮಿನಿಂದ ತಾನೇ ನೀರು ಎಳೆದುಕೊಳ್ಳುವ ಮಷೀನು ಕೇಳಿ, ಎಳೆಯುವ ಪೈಪಿನ ತುದಿಯಲ್ಲಿ ಜರಡಿ ಇರಬೇಕು. ನಲ್ಲಿ ಕೂಡುವ ಜಾಗದಲ್ಲಿ, ಮಷೀನಿನ ಬಾಯಲ್ಲಿ ಬೆರಳುಗುರಿನಷ್ಟು ಚಿಕ್ಕ ಜಾಲರಿ ಇರುತ್ತದೆ. ಬೋರ್‌ವೆಲ್ ಮರಳು ಅಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಅದನ್ನು ಎಳೆದು ನೋಡಿ. ಜಾಲರಿಯೇ ಇಲ್ಲದಿದ್ದರೆ ಮರಳು ಆಗಲೇ ಪಂಪಿನ ಒಳಗಿದೆ.

ಶುರು ಮಾಡುವ ಕ್ರಮ ಹೀಗೆ. ಪೈಪು ಕೂಡಿಸಿ ನಲ್ಲಿ ಪೂರ್ತಿ ಬಿಡಿ, ಸ್ವಿಚ್ ಹಾಕಬೇಡಿ. ಗನ್ ಒತ್ತಿ ಹಿಡಿಯಿರಿ. ಮೊದಲು ಗಾಳಿ ಉಗುಳುತ್ತಾ ನೀರು ಬರುತ್ತದೆ, ಅದು ಒಂದೇ ಸಮನೆ ಹರಿದ ಮೇಲೆ ಗನ್ ಬಿಟ್ಟು ಸ್ವಿಚ್ ಹಾಕಿ. ಗನ್ ಒತ್ತದೇ ಇದ್ದಾಗ ಮೋಟರ್ ತಾನೇ ನಿಲ್ಲಬೇಕು. ಈ ವ್ಯವಸ್ಥೆ ಇರುವ ಮಷೀನು ಗನ್ ಬಿಟ್ಟ ಮೇಲೂ ಅರ್ಧ ನಿಮಿಷಕ್ಕೊಮ್ಮೆ ಡುರ್ ಅಂತ ಎದ್ದು ಮಲಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ: ಪೈಪಿನ ಓ-ರಿಂಗ್ (ರಬ್ಬರ್ ಬಳೆ) ಆದರೆ ಹತ್ತು ರೂಪಾಯಿ ಕೆಲಸ, ಒಳಗಿನ ವಾಲ್ವ್ ಆದರೆ ಅಂಗಡಿಯವನ ತಲೆನೋವು. ಯಾವುದೇ ಆಗಲಿ, ತರುವ ಮುನ್ನ ಅಂಗಡಿಯ ನೀರಿನಲ್ಲೇ ಓಡಿಸಿ ತೋರಿಸಲು ಹೇಳಿ. ನೀರಿಲ್ಲದೆ ಬರೀ ಸದ್ದು ಕೇಳಿಸಿ "ನೋಡ್ರಿ ಓಡ್ತೈತಿ" ಎನ್ನುವವರಲ್ಲಿ ತರಬೇಡಿ. ಒಣಗಿ ಓಡಿದ ಪಂಪಿನ ಆಯುಷ್ಯ ಅಲ್ಲೇ ಕಡಿಮೆಯಾಯಿತು.

ಗನ್ನಿನ ತುದಿಯ ನಾಝಲ್ ನೀರನ್ನು ಎಷ್ಟು ಕೋನಕ್ಕೆ ಹರಡುತ್ತದೆ ಎಂದು ಬಣ್ಣದಿಂದ ಗುರುತಿಸುತ್ತಾರೆ: ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಮನೆ ಕೆಲಸಕ್ಕೆ ಹಸಿರು ಮತ್ತು ಬಿಳಿ ಸಾಕು. ಕೆಂಪನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಅದು ಕಾಲಿನ ಚರ್ಮವನ್ನೂ ಸೀಳುತ್ತದೆ. ತಿರುಗುತ್ತಾ ಹೊಡೆಯುವ ಟರ್ಬೊ ನಾಝಲ್ ಕಾಂಪೌಂಡ್ ಗೋಡೆಯ ಪಾಚಿಗೆ ಚೆನ್ನ, ಶಹಾಬಾದ್ ಪರಸಿಗೆ ಶತ್ರು. ಪದರ ಪದರವಾಗಿರುವ ಆ ಕಲ್ಲಿನ ಮೇಲಿನ ಚಕ್ಕೆ ಏಳುತ್ತದೆ, ಸಂದಿಯ ಸಿಮೆಂಟೂ ಹಾರಿಹೋಗುತ್ತದೆ. ಕಲ್ಲಿಗೆ ಬಿಳಿ ನಾಝಲ್, ಒಂದಡಿಗಿಂತ ಹತ್ತಿರ ಬೇಡ. ಸೊಳ್ಳೆ ಜಾಲರಿಯನ್ನು ಕಿಟಕಿಯಿಂದ ಬಿಚ್ಚಿ ಮಲಗಿಸಿ, ಮೂರಡಿ ದೂರದಿಂದ ಹೊಡೆಯಿರಿ. ಎಸಿಯ ಹೊರಗಿನ ಯೂನಿಟ್ಟಿಗೆ ಇದು ಬೇಡವೇ ಬೇಡ: ಅಲ್ಯೂಮಿನಿಯಂ ರೆಕ್ಕೆಗಳು ಬಾಗಿದರೆ ಗಾಳಿ ಆಡದು, ಆಮೇಲೆ ಎಸಿ ತಂಪು ಮಾಡದು. ತೋಟಕ್ಕೆ ನೀರು ಬಿಡುವ ಪೈಪು ಸಾಕು.

ಮುಗಿದ ಮೇಲೆ ಸ್ವಿಚ್ ಆಫ್, ನಲ್ಲಿ ಬಂದ್, ಕೊನೆಗೆ ಗನ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಬಿಡಬೇಕು. ಇದನ್ನು ಮರೆತು ಪೈಪು ಕಳಚಲು ಹೋದರೆ ಕ್ಲಿಪ್ಪು ಜಗ್ಗುವುದಿಲ್ಲ. ಜಗ್ಗಾಡಿ ಮುರಿದರೆ ಅದೂ ಡಿಪಾಸಿಟ್‌ನಲ್ಲೇ.

ಸಂಪು, ಟ್ಯಾಂಕಿಗೂ ಇದೇ ಜೋಡಿ ಸಾಕು. ವಾಷರಿನಿಂದ ಗೋಡೆ ತೊಳೆದು, ಮೋಟರಿಗೆ ಸಿಗದ ತಳದ ಕೆಸರನ್ನು ವೆಟ್ ವ್ಯಾಕ್ಯೂಮಿನಿಂದ ಎಳೆಯಿರಿ. ಆಮೇಲೆ ಸಾವಿರ ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಒಂದು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿದು, ಟ್ಯಾಂಕ್ ತುಂಬಿಸಿ ನಾಲ್ಕು ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಬೇಕು. ಪ್ಯಾಕೆಟ್ ಒಡೆದು ತಿಂಗಳುಗಟ್ಟಲೆ ಇಟ್ಟ ಪೌಡರಿಗೆ ಶಕ್ತಿ ಇರುವುದಿಲ್ಲ. ಸಂಪಿನೊಳಗೆ ಇಳಿಯುವವರು ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಬೇಕು, ಮೇಲೊಬ್ಬರು ನಿಂತಿರಲೇಬೇಕು, ಪೆಟ್ರೋಲಿನಿಂದ ಓಡುವ ಪಂಪನ್ನು ಒಳಗೆ ಇಳಿಸಬಾರದು.

ನೆಲ ಉಜ್ಜುವ ಸಿಂಗಲ್ ಡಿಸ್ಕ್ ಮಷೀನಿನ ಬಗ್ಗೆ ಹೇಳಬೇಕಾದದ್ದು ಬೇರೆ ಥರದ್ದು. 17 ಇಂಚಿನ ತಟ್ಟೆ, ನಿಮಿಷಕ್ಕೆ 150ರಿಂದ 180 ಸುತ್ತು, ನಲವತ್ತು ಕೆಜಿಗೂ ಮೇಲೆ ತೂಕ. ಒಯ್ಯಲು ಟಂಟಂ ಬೇಕು, ಇಳಿಸಲು ಇಬ್ಬರು ಬೇಕು. ಹೊಸದಕ್ಕೆ ಹತ್ತಾರು ಸಾವಿರ, ಮನೆಗೆ ಕೊಳ್ಳುವ ಮಾತೇ ಇಲ್ಲ. ಬಾಡಿಗೆ ಎನ್ನುವುದಕ್ಕೆ ನಿಜವಾದ ಅರ್ಥ ಇರುವುದು ಇದರಲ್ಲೇ. ಹೊಸ ಮನೆಯ ಟೈಲ್ಸ್ ಮೇಲಿನ ಸಿಮೆಂಟ್ ಪೊರೆ, ಸಂದಿಗೆ ತುಂಬುವ ಗ್ರೌಟಿನ ಮಬ್ಬು, ಹತ್ತು ವರ್ಷದ ಕೆಂಪು ಕೊಳೆ ಇವಕ್ಕೆ ಕೈಯಲ್ಲಿ ಬ್ರಷ್ ಹಿಡಿದು ಕೂತರೆ ಸೊಂಟ ಹೋಗುತ್ತದೆ, ನೆಲ ಹಾಗೇ ಇರುತ್ತದೆ.

ಆದರೆ ಇದಕ್ಕೆ ಕೈ ಪಳಗಬೇಕು. ಚಕ್ರದ ಮೇಲೆ ತಳ್ಳುವ ಮಷೀನಲ್ಲ ಇದು, ತಟ್ಟೆಯ ತಿರುಗುವಿಕೆಯಿಂದಲೇ ಜರುಗುತ್ತದೆ. ಹಿಡಿ ತುಸು ಎತ್ತಿದರೆ ಬಲಕ್ಕೆ, ತುಸು ಇಳಿಸಿದರೆ ಎಡಕ್ಕೆ. ತಳ್ಳಿದರೆ ಸಿಟ್ಟಿಗೆದ್ದ ಹೋರಿಯಂತೆ ಗೋಡೆಗೆ ಗುದ್ದುತ್ತದೆ. ಮೊದಲ ಸಲ ಹಿಡಿಯುವವರು ಹಿಡಿಯನ್ನು ಸೊಂಟದ ಎತ್ತರಕ್ಕೆ ಇಟ್ಟು, ಖಾಲಿ ಹಾಲ್‌ನಲ್ಲಿ, ಒದ್ದೆ ನೆಲದ ಮೇಲೆ, ಐದು ನಿಮಿಷ ಬರೀ ಎಡ-ಬಲ ಆಡಿಸಿ ಕಲಿಯಬೇಕು. ವೈರು ಹೆಗಲ ಮೇಲಿರಬೇಕು, ನೆಲದ ಮೇಲೆ ಬಿಟ್ಟರೆ ತಟ್ಟೆಗೆ ಸುತ್ತಿಕೊಳ್ಳುತ್ತದೆ. ಪಾಲಿಶ್ ಮೇಸ್ತ್ರಿ ತಾನೇ ಬರುತ್ತೇನೆ ಎಂದರೆ ಕೂಲಿ ಕೊಟ್ಟು ಕರೆಸಿ ಎನ್ನುವುದು ಇದಕ್ಕೇ. ಟೀಪಾಯಿ, ಶೋಕೇಸು ತುಂಬಿದ ಮನೆಗಂತೂ ಆ ಕೂಲಿ ಅಗ್ಗ.

ಅಂಗಡಿಯಲ್ಲಿ ಮಷೀನು ಬ್ರಷ್ಷಿನ ಮೇಲೆಯೇ ನಿಂತಿದೆಯೋ ನೋಡಿ. ವಾರಗಟ್ಟಲೆ ಹಾಗೆ ನಿಂತಿದ್ದರೆ ಕೂದಲು ಒಂದು ಕಡೆ ಮಲಗಿರುತ್ತದೆ, ಓಡಿಸುವಾಗ ಮಷೀನು ಕುಣಿಯುತ್ತದೆ. ಪ್ಯಾಡ್ ಬಣ್ಣವನ್ನೂ ನಾವೇ ಹೇಳಿ ತೆಗೆದುಕೊಳ್ಳಬೇಕು. ಕಪ್ಪು ಪ್ಯಾಡ್ ಹಳೇ ಪಾಲಿಶ್ ಕಿತ್ತುಹಾಕಲು, ಹಸಿರು ಗಟ್ಟಿಯಾಗಿ ಉಜ್ಜಲು, ಕೆಂಪು ದಿನಬಳಕೆಯ ಹಗುರ ಉಜ್ಜಾಟಕ್ಕೆ, ಬಿಳಿ ಹೊಳಪಿಗೆ. ಕೇಳದೇ ಹೋದರೆ ಕಪ್ಪನ್ನೇ ಕೊಡುತ್ತಾರೆ, ಎಲ್ಲವನ್ನೂ ಕೀಳುತ್ತದೆ ಎನ್ನುವ ಧೈರ್ಯಕ್ಕೆ. ಪಾಲಿಶ್ ಮಾಡಿದ ಕಡಪ ಕಲ್ಲಿನ ಮೇಲೆ ಅದು ಹೊಳಪನ್ನೂ ಕಿತ್ತು ಬೂದುಬಣ್ಣದ ವೃತ್ತಗಳನ್ನು ಬಿಡುತ್ತದೆ. ಹಾಲ್‌ಗೆ ಕೆಂಪು, ಪಾರ್ಕಿಂಗ್ ಟೈಲ್ಸಿಗೆ ಹಸಿರು. ಸವೆದ ಪ್ಯಾಡಿಗೆ ಬಾಡಿಗೆ ಕೊಡುವುದಕ್ಕಿಂತ ಹೊಸ ಪ್ಯಾಡ್ ಕೊಳ್ಳುವುದು ಒಳ್ಳೆಯದು, ಅದು ನಿಮ್ಮಲ್ಲೇ ಉಳಿಯುತ್ತದೆ.

ಇಲ್ಲಿ ಆಸಿಡ್ ಮಾತು ಬರಲೇಬೇಕು. ಮಷೀನಿನ ಜೊತೆ ಒಂದು ಬಾಟಲಿ ಆಸಿಡ್ ಕೊಟ್ಟು "ನೀರಾಗ ಹಾಕಿ ಹೊಡೀರಿ, ಕನ್ನಡಿ ಆಗ್ತೈತಿ" ಎನ್ನುವುದು ರೂಢಿ. ಶಹಾಬಾದ್, ಕಡಪ, ಮಾರ್ಬಲ್ ಮೂರೂ ಸುಣ್ಣದಂಶದ ಕಲ್ಲು. ಆಸಿಡ್ ಬಿದ್ದ ಕೂಡಲೇ ನೊರೆಯೇಳುತ್ತದೆ, ನೊರೆಯಾಗಿ ಹೋಗುತ್ತಿರುವುದು ಕೊಳೆಯಲ್ಲ, ಕಲ್ಲೇ. ಒರಟಾದ ಮೇಲ್ಮೈ ಮುಂದೆ ಕೆಂಧೂಳನ್ನು ಇನ್ನೂ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಯಾವ ಕಲ್ಲೆಂದು ಗೊತ್ತಿಲ್ಲದಿದ್ದರೆ ಮಂಚದ ಕೆಳಗೆ ಒಂದು ಹನಿ ನಿಂಬೆರಸ ಹಾಕಿ. ಕಲೆ ಮಬ್ಬಾಗಿ ಉಳಿದರೆ ಅಲ್ಲಿಗೆ ಆಸಿಡ್, ವಿನೆಗರ್, ಹುಣಸೆ ಯಾವುದೂ ಬೇಡ, ಕ್ಷಾರವೂ ಆಮ್ಲವೂ ಅಲ್ಲದ ಫ್ಲೋರ್ ಕ್ಲೀನರ್ ಮಾತ್ರ. ಬಚ್ಚಲಿನ ಸೆರಾಮಿಕ್ ಟೈಲ್ಸಿನ ಉಪ್ಪುಕಲೆಗೆ ಸಿಟ್ರಿಕ್ ಆಮ್ಲ ಸಾಕು. ವಿಟ್ರಿಫೈಡ್ ಟೈಲ್ಸಿನ ತುಕ್ಕು ಚುಕ್ಕೆಗೆ ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದು ವಿಷ, ಕೈಗವಸು ಇರಲಿ, ಮಕ್ಕಳು ದೂರ ಇರಲಿ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಬಳಸಿದ ಜಾಗಕ್ಕೆ ಸುರಿಯಬೇಡಿ, ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರುತ್ತದೆ.

ಉಜ್ಜುವ ದಿನ ಫ್ಯಾನ್ ಆರಿಸಿ. ಏಪ್ರಿಲ್‌ನ ಬಳ್ಳಾರಿ ಬಿಸಿಲಿಗೆ ನೆಲದ ಮೇಲಿನ ದ್ರಾವಣ ಐದೇ ನಿಮಿಷಕ್ಕೆ ಒಣಗುತ್ತದೆ, ಒಣಗಿದರೆ ಎದ್ದ ಕೊಳೆ ಮತ್ತೆ ಅಂಟಿಕೊಳ್ಳುತ್ತದೆ. ಒಂದು ಸಲಕ್ಕೆ ಹತ್ತಡಿ ಹತ್ತಡಿ ಜಾಗ ಮಾತ್ರ: ದ್ರಾವಣ ಹಾಕಿ, ಐದರಿಂದ ಹತ್ತು ನಿಮಿಷ ಒದ್ದೆಯಾಗೇ ನೆನೆಯಲು ಬಿಡಿ, ಉಜ್ಜಿ, ಕೆಂಪು ನೀರನ್ನು ಕೂಡಲೇ ವ್ಯಾಕ್ಯೂಮಿನಿಂದ ಎಳೆಯಿರಿ. ಆಮೇಲೆ ಬರೀ ನೀರು ಹಾಕಿ ಇನ್ನೊಮ್ಮೆ ಎಳೆಯಬೇಕು. ಈ ಎರಡನೇ ಎಳೆತ ತಪ್ಪಿಸಿದ ನೆಲ ಒಂದೇ ವಾರಕ್ಕೆ ಮತ್ತೆ ಕೆಂಪಾಗುತ್ತದೆ, ಯಾಕೆಂದರೆ ಉಳಿದ ಸೋಪು ಅಂಟಂಟಾಗಿ ಹೊಸ ಧೂಳನ್ನು ಹಿಡಿಯುತ್ತದೆ. "ಮಷೀನ್ ಹೊಡೆಸಿದ್ರೂ ಏನೂ ಉಪಯೋಗ ಆಗ್ಲಿಲ್ಲ" ಎನ್ನುವ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ಸೋಫಾ, ಕಾರ್ಪೆಟ್ ತೊಳೆಯುವ ಸ್ಪ್ರೇ ಎಕ್ಸ್‌ಟ್ರಾಕ್ಷನ್ ಮಷೀನಿನಲ್ಲಿ ಎರಡು ತೊಟ್ಟಿ: ಒಂದರಿಂದ ನೀರು ಚಿಮ್ಮುತ್ತದೆ, ಇನ್ನೊಂದಕ್ಕೆ ಕೊಳೆ ನೀರು ವಾಪಸ್ ಬರುತ್ತದೆ. ಕೆಲಸ ಅಚ್ಚುಕಟ್ಟು, ಬಾಡಿಗೆಗೆ ತಕ್ಕದ್ದೇ. ಒಂದೇ ಒಂದು ಅನುಮಾನ ಎಂದರೆ ಬೇರೆಯವರ ಮನೆಯ ತಿಗಣೆ. ಪೈಪಿನ ಸುರುಳಿ ಮಡಿಕೆಗಳಲ್ಲಿ, ಬ್ರಷ್ ಸಂದಿಯಲ್ಲಿ ಅವು ಕೂತು ಬರುತ್ತವೆ. ತಂದ ಕೂಡಲೇ ಮನೆಯೊಳಗೆ ಒಯ್ಯದೆ ಅಂಗಳದಲ್ಲೇ ಬಿಸಿಲಿಗಿಟ್ಟು, ಬ್ರಷ್ ಕಳಚಿ, ಪೈಪು ಜಾಡಿಸಿ ನೋಡಿ. ಕೊಳೆ ನೀರಿನ ತೊಟ್ಟಿಯ ಮುಚ್ಚಳ ತೆಗೆದಾಗ ಮೋರಿ ವಾಸನೆ ಬಂದರೆ ಸೋಫಾಕ್ಕೂ ಅದೇ ವಾಸನೆ ಹತ್ತುತ್ತದೆ. ಚಿಮ್ಮುವ ನೀರು ಬೀಸಣಿಗೆಯಾಗಿ ಸಮ ಹರಡಬೇಕು, ಗೆರೆ ಗೆರೆಯಾಗಿ ಬಂದರೆ ನಾಝಲ್‌ಗೆ ಸುಣ್ಣ ಕಟ್ಟಿದೆ. ಸೋಫಾಕ್ಕೆ ಬೋರ್ ನೀರು ಹಾಕಬೇಡಿ, ಒಣಗಿದ ಮೇಲೆ ಬಿಳಿ ಉಂಗುರ ಉಳಿಯುತ್ತದೆ. ನೀರು ಹೊಡೆಯುತ್ತಾ ಒಂದು ಎಳೆತ, ನೀರಿಲ್ಲದೆ ಅದೇ ಜಾಗಕ್ಕೆ ಎರಡು ಎಳೆತ. ಸ್ಪಾಂಜಿನ ತನಕ ನೆನೆಸಿದರೆ ಬೇಸಿಗೆಯಲ್ಲಿ ಹೇಗೋ ಒಣಗೀತು, ಮಳೆಗಾಲದಲ್ಲಿ ಮುಗ್ಗಲು ವಾಸನೆ ಖಚಿತ. ವೆಲ್ವೆಟ್, ರೇಷ್ಮೆ, ಚರ್ಮದ ಸೋಫಾಗೆ ಇದು ಬೇಡ, ಹಾಸಿಗೆಗೂ ಬೇಡ.

ಸ್ಟೀಮ್ ಕ್ಲೀನರ್ ಬಾಡಿಗೆಗೆ ತರುವುದು ದಂಡ. ನಮ್ಮ ನೀರಿಗೆ ಒಳಗೆ ಸುಣ್ಣ ಕಟ್ಟಿ ಆವಿಯ ಬದಲು ತೊಟ್ಟು ತೊಟ್ಟು ಬಿಸಿನೀರು ಉಗುಳುವ ಮಷೀನೇ ಕೈಗೆ ಬರುತ್ತದೆ. ಏಣಿ ಮಾತ್ರ ಧಾರಾಳವಾಗಿ ಬಾಡಿಗೆಗೆ ತನ್ನಿ, ಬುಡದ ರಬ್ಬರ್ ಬೂಟು ನಾಲ್ಕೂ ಇವೆಯೋ ಎಣಿಸಿ.

ವ್ಯವಹಾರದ ಕಡೆ ಬಂದರೆ, ದಿನ ಎಂದರೆ ಎಷ್ಟು ಎಂದು ಮೊದಲೇ ಕೇಳಿ. ಕೆಲವರಿಗೆ ಅದು 24 ಗಂಟೆ, ಕೆಲವರಿಗೆ ಅಂಗಡಿ ತೆರೆದಾಗಿನಿಂದ ಮುಚ್ಚುವ ತನಕ. ಎರಡನೆಯದಾದರೆ ಹಿಂದಿನ ಸಂಜೆ ಮುಚ್ಚುವ ಹೊತ್ತಿಗೆ ತಂದು ಬೆಳಗ್ಗೆ ಆರಕ್ಕೇ ಶುರು ಮಾಡಲು ಒಪ್ಪುತ್ತಾರೋ ಕೇಳಿ, ಗುರುತಿದ್ದರೆ ಒಪ್ಪುತ್ತಾರೆ. ಒರಿಜಿನಲ್ ಆಧಾರ್ ಕಾರ್ಡ್ ಇಟ್ಟು ಬರಬೇಡಿ, ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಪ್ರಿಂಟ್ ಕೊಡಿ. ಅಂಗಡಿಯವನ ಎದುರೇ ಮಷೀನ್ ಓಡುವ ವೀಡಿಯೊ ತೆಗೆಯಿರಿ, ಒಡೆದ ಮೂಲೆ, ಅಂಟಿಸಿದ ವೈರು ಕಾಣುವಂತೆ. ನಾಝಲ್, ಪೈಪು, ಫಿಲ್ಟರ್, ಪ್ಯಾಡ್ ಎಷ್ಟೆಷ್ಟು ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿ. ನಡುವೆ ಕೆಟ್ಟರೆ ಬದಲಿ ಮಷೀನು ಕೊಡುತ್ತಾರೋ, ಬಾಡಿಗೆ ಬಿಡುತ್ತಾರೋ ಎಂಬ ಮಾತೂ ಅದೇ ಚೀಟಿಯಲ್ಲಿ ಇರಲಿ, ಬಾಯಿಮಾತು ಸಂಜೆಗೆ ಉಳಿಯುವುದಿಲ್ಲ.

ಯುಗಾದಿಗೆ ಹತ್ತು ದಿನ ಇರುವಾಗ ಮತ್ತು ಮಹಾಲಯ ಅಮಾವಾಸ್ಯೆಯ ವಾರ ಮಷೀನು ಕೈಗೆ ಸಿಗುವುದು ಕಷ್ಟ, ಸಿಕ್ಕರೂ ಹಿಂದಿನ ಮನೆಯಿಂದ ನೇರ ಬಂದದ್ದು, ಫಿಲ್ಟರ್ ಜಾಡಿಸಿರುವುದಿಲ್ಲ. ಹಬ್ಬಕ್ಕೆ ಮೂರು ವಾರ ಮುಂಚೆ, ವಾರದ ನಡುವಿನ ದಿನ ತಂದರೆ ಮಷೀನೂ ಚೆನ್ನಾಗಿರುತ್ತದೆ, ಚೌಕಾಸಿಗೂ ಜಾಗ ಇರುತ್ತದೆ. ಹಿಂದಿರುಗಿಸುವಾಗ ಡಬ್ಬ ತೊಳೆದು, ಫಿಲ್ಟರ್ ಜಾಡಿಸಿ, ವೈರು ಸುತ್ತಿ ಕೊಡಿ. ಡಿಪಾಸಿಟ್ ಬೇಗ ಕೈಗೆ ಬರುತ್ತದೆ, ಮುಂದಿನ ಸಲ ಕೇಳಿದಾಗ ಒಳಗಿನ ಹೊಸ ಮಷೀನು ಹೊರಗೆ ಬರುತ್ತದೆ.